ಜಠರಪಟ್ಟಿಯೊಡನೆ ಬದುಕು: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆಯ ಅನುಭವ

1. ಪೀಠಿಕೆ

ತೀವ್ರ ಬೊಜ್ಜಿಗೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಜಠರಪಟ್ಟಿಯ ಚರಿತ್ರೆ ವಿಶೇಷವಾದದ್ದು. ಆಸ್ಪತ್ರೆಗಳಲ್ಲಿ ಗ್ಯಾಸ್ಟ್ರಿಕ್ ಬ್ಯಾಂಡ್ ಎಂದೇ ರೂಢಿಯಲ್ಲಿರುವ ಇದು ಜಠರದ ಮೇಲ್ಭಾಗಕ್ಕೆ ಬಳೆಯಂತೆ ತೊಡಿಸುವ ಸಿಲಿಕೋನ್ ಸಾಧನ. ಸ್ವಲ್ಪವೇ ಉಂಡರೂ ಹಸಿವು ತಣಿಯುವಂತೆ ಮಾಡುವುದು ಇದರ ಕೆಲಸ. 1990ರ ದಶಕದಲ್ಲಿ ಯುರೋಪು ಮತ್ತು ಆಸ್ಟ್ರೇಲಿಯಾಗಳಲ್ಲಿ ಹರಡಿದ ಈ ವಿಧಾನ 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಪಡೆಯಿತು. 2011ರ ಹೊತ್ತಿಗೆ ಆ ದೇಶದಲ್ಲಿ ನಡೆಯುತ್ತಿದ್ದ ತೂಕ ಇಳಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇದರದ್ದೇ ಆಗಿತ್ತು. 2018ರ ಹೊತ್ತಿಗೆ ಆ ಪಾಲು ಶೇ. 1ರ ಆಸುಪಾಸಿಗೆ ಇಳಿದಿತ್ತು. ಇಷ್ಟು ಬೇಗ ಮೇಲೇರಿ ಇಷ್ಟು ಬೇಗ ಹಿಂದೆ ಸರಿದ ಚಿಕಿತ್ಸೆಗಳು ಆಧುನಿಕ ವೈದ್ಯದಲ್ಲಿ ಹೆಚ್ಚಿಲ್ಲ.

ಈ ಏರಿಳಿತವನ್ನು ಶಸ್ತ್ರವೈದ್ಯರ ಅಂಕಿ ಅಂಶಗಳಿಂದ ಮಾತ್ರ ಅರ್ಥ ಮಾಡಿಕೊಳ್ಳಲು ಹೊರಟರೆ ಅರ್ಧ ಸಂಗತಿ ಕೈತಪ್ಪುತ್ತದೆ. ಪಟ್ಟಿಯನ್ನು ಒಡಲಲ್ಲಿಟ್ಟುಕೊಂಡು ಹತ್ತಾರು ವರ್ಷ ಬದುಕಿದವರು ಪ್ರತಿ ಊಟದಲ್ಲೂ ಕಲಿತದ್ದು, ಸಹಿಸಿದ್ದು, ಗಳಿಸಿದ್ದು, ಕಳೆದುಕೊಂಡದ್ದು ಉಳಿದರ್ಧ. ಶಸ್ತ್ರಕ್ರಿಯೆ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಚೇತರಿಕೆಗೆ ಮಾತ್ರ ಕೊನೆಯ ದಿನವೆಂಬುದಿಲ್ಲ. ಆ ಉದ್ದಕ್ಕೂ ರೋಗಿಯ ಜೊತೆ ನಡೆಯುವವರು ಇದ್ದಾರೆಯೇ ಎಂಬುದರ ಮೇಲೆ ಚಿಕಿತ್ಸೆಯ ಫಲ ಬಹುಮಟ್ಟಿಗೆ ನಿಂತಿದೆ. ಈ ಮಾತನ್ನು ಜಠರಪಟ್ಟಿಯ ಅನುಭವದ ಆಧಾರದಿಂದ ಸ್ಥಾಪಿಸುವುದು ಈ ಉಪನ್ಯಾಸದ ಉದ್ದೇಶ.

2. ಬೊಜ್ಜು ಮತ್ತು ದೇಹದ ಹಟ

ಬೊಜ್ಜನ್ನು ಅಳೆಯಲು ವೈದ್ಯರು ಸಾಮಾನ್ಯವಾಗಿ ಬಳಸುವುದು ದೇಹತೂಕ ಸೂಚ್ಯಂಕವನ್ನು, ಅಂದರೆ ಬಿಎಂಐಯನ್ನು. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಭಾರತೀಯರಲ್ಲಿ ಹೊಟ್ಟೆಯ ಸುತ್ತಲಿನ ಕೊಬ್ಬು ಹೆಚ್ಚಾಗಿರುವುದರಿಂದಲೂ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಕಾಣಿಸಿಕೊಳ್ಳುವುದರಿಂದಲೂ ಇಲ್ಲಿನ ವೈದ್ಯರು ಈ ಗಡಿಗಳನ್ನು ಕ್ರಮವಾಗಿ 23 ಮತ್ತು 25ಕ್ಕೆ ಇಳಿಸಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಯ ಗಡಿ ಇದಕ್ಕಿಂತ ಬಹಳ ಮೇಲಿನದು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಮ್ಮೇಳನವು ಸೂಚ್ಯಂಕ 40 ಇರುವವರಿಗೆ, ಇಲ್ಲವೇ 35 ಇದ್ದು ಜೊತೆಗೆ ಬೊಜ್ಜಿನಿಂದ ಬಂದ ಗಂಭೀರ ಕಾಯಿಲೆಗಳೂ ಇರುವವರಿಗೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಹೇಳಿತು. ಮೂರು ದಶಕಗಳ ಕಾಲ ಜಗತ್ತಿನ ಬಹುಪಾಲು ಆಸ್ಪತ್ರೆಗಳು ಈ ಅಳತೆಯನ್ನೇ ಅನುಸರಿಸಿದವು.

ಇಷ್ಟು ತೂಕದ ವ್ಯಕ್ತಿಗೆ ಸಮಾಜ ಮೊದಲು ಕೊಡುವುದು ಉಪದೇಶ. ಬಾಯಿ ಕಟ್ಟಬೇಕು, ಬೆಳಿಗ್ಗೆ ಎದ್ದು ನಡೆಯಬೇಕು, ಮನಸ್ಸು ಗಟ್ಟಿ ಮಾಡಬೇಕು ಎಂಬ ಮಾತುಗಳನ್ನು ಬಾಲ್ಯದಿಂದ ಕೇಳುತ್ತ ಬಂದವರೇ ಶಸ್ತ್ರವೈದ್ಯರ ಬಾಗಿಲಿಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಪಥ್ಯದಿಂದ ಹಲವು ಬಾರಿ ತೂಕ ಇಳಿಸಿ, ಇಳಿಸಿದ್ದಕ್ಕಿಂತ ಹೆಚ್ಚನ್ನು ಮತ್ತೆ ಪಡೆದವರು. ಇದರ ಕಾರಣ ದೇಹಧರ್ಮದಲ್ಲಿದೆ. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ಶರೀರದ ಸಂಗ್ರಹ ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುತ್ತದೆ, ಜಠರ ಸ್ರವಿಸುವ ಗ್ರೆಲಿನ್ ಹಸಿವನ್ನು ಕೆರಳಿಸುತ್ತದೆ. ತೂಕ ಇಳಿದಾಗ ಮೊದಲನೆಯದು ತಗ್ಗಿ ಎರಡನೆಯದು ಏರುತ್ತದೆ. ಮೆಲ್ಬರ್ನ್‌ನ ಪ್ರಿಯಾ ಸುಮಿತ್ರನ್, ಜೋಸೆಫ್ ಪ್ರೋಯೆಟ್ಟೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕ ಇಳಿಸಿದವರ ಹಾರ್ಮೋನುಗಳು ಒಂದು ವರ್ಷ ಕಳೆದರೂ ಹಸಿವನ್ನು ಹೆಚ್ಚಿಸುವ ದಿಕ್ಕಿನಲ್ಲೇ ಉಳಿದಿದ್ದವು. ಕಳೆದುಕೊಂಡ ತೂಕವನ್ನು ದೇಹ ಹಟದಿಂದ ಮರಳಿ ಪಡೆಯಲು ಯತ್ನಿಸುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಸಾಕ್ಷ್ಯ.

ಈ ತಿಳಿವಳಿಕೆಯ ಒಂದು ಎಳೆ ಭಾರತೀಯ ವೈದ್ಯ ಪರಂಪರೆಯಲ್ಲೂ ಇದೆ. ಚರಕ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯವು ಅತಿಸ್ಥೂಲನನ್ನು ಲೋಕ ನಿಂದಿಸುವ ಎಂಟು ಬಗೆಯ ದೇಹಗಳ ಸಾಲಿನಲ್ಲಿ ಸೇರಿಸುತ್ತದೆಯಾದರೂ ಅದೇ ಅಧ್ಯಾಯವು ಸ್ಥೂಲತೆಗೆ ಬೀಜಸ್ವಭಾವವೂ, ಅಂದರೆ ತಂದೆತಾಯಿಯರಿಂದ ಬಂದ ಗುಣವೂ ಕಾರಣವೆಂದು ಹೇಳುತ್ತದೆ, ಅತಿಯಾದ ಹಸಿವನ್ನು ಆ ಸ್ಥಿತಿಯ ಲಕ್ಷಣಗಳಲ್ಲೇ ಎಣಿಸುತ್ತದೆ. ನಿಂದೆ ಜನಬಳಕೆಯಲ್ಲಿ ಉಳಿದು ಕಾರಣದ ವಿವೇಚನೆ ಮರೆತುಹೋದದ್ದು ದುಃಖದ ಸಂಗತಿ.

3. ಪಟ್ಟಿಯ ಚರಿತ್ರೆ ಮತ್ತು ರಚನೆ

ತೂಕ ಇಳಿಸಲು ಕರುಳನ್ನೋ ಜಠರವನ್ನೋ ಮಾರ್ಪಡಿಸುವ ಪ್ರಯತ್ನ 1950ರ ದಶಕದಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆರಂಭವಾಯಿತು. ಸಣ್ಣಕರುಳಿನ ಬಹುಭಾಗವನ್ನು ಬಳಸದೆ ಬಿಡುವ ಆ ಮೊದಲ ವಿಧಾನ ತೂಕವನ್ನು ಇಳಿಸಿದರೂ ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿ ಮಾಡುತ್ತಿದ್ದುದರಿಂದ ಕೈಬಿಡಬೇಕಾಯಿತು. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಗಮನಿಸಿದ ಅಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಜಠರ ಬೈಪಾಸನ್ನು, ಅಂದರೆ ಮೇಲಿನ ಸಣ್ಣ ಭಾಗವನ್ನು ಬೇರ್ಪಡಿಸಿ ನೇರವಾಗಿ ಕರುಳಿಗೆ ಜೋಡಿಸುವ ಕ್ರಮವನ್ನು ರೂಪಿಸಿದ. ಈ ಎಲ್ಲ ವಿಧಾನಗಳಲ್ಲೂ ಅಂಗವನ್ನು ಕತ್ತರಿಸಿ ಹೊಲಿಯಬೇಕಿತ್ತು.

ಕತ್ತರಿಸದೆ, ಬೇಡವೆಂದಾಗ ತೆಗೆಯಬಹುದಾದ ಸಾಧನದಿಂದ ಇದೇ ಫಲ ಪಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ ಪಟ್ಟಿ ಬಂತು. ಸ್ವೀಡನ್ನಿನಲ್ಲಿ 1985ರ ಸುಮಾರಿಗೆ ಡಾಗ್ ಹಾಲ್‌ಬರ್ಗ್ ಮತ್ತು ಪೀಟರ್ ಫೋರ್ಸೆಲ್, ಅಮೆರಿಕದ ನ್ಯೂಜೆರ್ಸಿಯಲ್ಲಿ 1986ರಲ್ಲಿ ಉಕ್ರೇನ್ ಮೂಲದ ಲುಬೊಮಿರ್ ಕುಜ್ಮಾಕ್ ಬಿಗಿಯನ್ನು ಹೆಚ್ಚುಕಡಿಮೆ ಮಾಡಬಹುದಾದ ಪಟ್ಟಿಗಳನ್ನು ಬಳಕೆಗೆ ತಂದರು. ಇಥಿಯೋಪಿಯಾದಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ವೈದ್ಯರಾದ ಮಿಟಿಕು ಬೆಲಾಚು 1993ರ ಸೆಪ್ಟೆಂಬರಿನಲ್ಲಿ ಉಯ್ ಎಂಬ ಊರಿನಲ್ಲಿ ಇಂಥ ಪಟ್ಟಿಯನ್ನು ಲ್ಯಾಪರೋಸ್ಕೋಪಿ ಮೂಲಕ ಅಳವಡಿಸಿದರು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಒಂದರಿಂದ ಕ್ಯಾಮೆರಾ ತೂರಿಸಿ, ಉಳಿದವುಗಳಿಂದ ಉಪಕರಣ ಆಡಿಸುವ ಈ ಕ್ರಮದಿಂದಾಗಿ ರೋಗಿ ಮರುದಿನವೇ ಮನೆಗೆ ಹೋಗುವುದು ಸಾಧ್ಯವಾಯಿತು. ಪಟ್ಟಿಯ ಜನಪ್ರಿಯತೆಗೆ ಇದೇ ಮುಖ್ಯ ಕಾರಣ.

ಸಾಧನದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಅನ್ನನಾಳ ಜಠರವನ್ನು ಸೇರುವ ಜಾಗದ ತುಸು ಕೆಳಗೆ ಸುತ್ತುವರಿಯುವ ಪಟ್ಟಿ, ಅದರ ಒಳಮೈಯಲ್ಲಿ ಉಬ್ಬಿಸಬಹುದಾದ ಬಲೂನಿದೆ. ಎರಡನೆಯದು ಅದರಿಂದ ಹೊರಟ ತೆಳುವಾದ ಕೊಳವೆ. ಮೂರನೆಯದು ಆ ಕೊಳವೆ ಬಂದು ಸೇರುವ, ಹೊಟ್ಟೆಯ ಸ್ನಾಯುವಿನ ಮೇಲೆ ಚರ್ಮದಡಿಯಲ್ಲಿ ಹೊಲಿದಿಟ್ಟ ಪೋರ್ಟ್ ಎಂಬ ಪುಟ್ಟ ಬಿಲ್ಲೆ. ಪೋರ್ಟಿನ ಮೂಲಕ ಸಲೈನನ್ನು, ಅಂದರೆ ಶುದ್ಧೀಕರಿಸಿದ ಉಪ್ಪುನೀರನ್ನು ತುಂಬಿದರೆ ಬಲೂನು ಉಬ್ಬಿ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಪಟ್ಟಿಯ ಮೇಲಿರುವ ಕಿರುಜಠರ ಬೇಗ ತುಂಬಿಕೊಳ್ಳುವುದರಿಂದ ಹೊಟ್ಟೆ ತುಂಬುತ್ತದೆಂದು ಮೊದಲಲ್ಲಿ ಭಾವಿಸಲಾಗಿತ್ತು. ಮೆಲ್ಬರ್ನ್‌ನ ಪಾಲ್ ಓಬ್ರಿಯನ್ ಮತ್ತು ಸಂಗಡಿಗರ ಕೆಲಸದಿಂದ ಬೇರೊಂದು ವಿವರಣೆ ಬಲವಾಯಿತು. ಚೆನ್ನಾಗಿ ಅಗಿದ ತುತ್ತೊಂದನ್ನು ಅನ್ನನಾಳ ಹಲವು ಬಾರಿ ಹಿಂಡಿ ಪಟ್ಟಿಯ ಆಚೆಗೆ ದಾಟಿಸುವಾಗ ಅಲ್ಲಿನ ವೇಗಸ್ ನರದ ತುದಿಗಳು ಒತ್ತಡಕ್ಕೊಳಗಾಗಿ, ಸಾಕೆಂಬ ಸಂದೇಶವನ್ನು ಮಿದುಳಿಗೆ ಕಳುಹಿಸುತ್ತವೆ. ತುತ್ತಿನ ಗಾತ್ರ, ಅಗಿಯುವ ಕ್ರಮ, ತುತ್ತುಗಳ ನಡುವಿನ ಬಿಡುವು ಇವೆಲ್ಲ ಚಿಕಿತ್ಸೆಯ ಅಂಗವೇ ಆಗುವುದು ಈ ಕಾರಣದಿಂದ. ಶಸ್ತ್ರವೈದ್ಯನಷ್ಟೇ ಉಣ್ಣುವ ವ್ಯಕ್ತಿಯೂ ಇಲ್ಲಿ ಚಿಕಿತ್ಸಕ.

4. ಮೊದಲ ವಾರಗಳು

ಶಸ್ತ್ರಕ್ರಿಯೆಗೆ ಸುಮಾರು ಎರಡು ವಾರ ಮುಂಚಿನಿಂದಲೇ ರೋಗಿ ಸಕ್ಕರೆ, ಹಿಟ್ಟು, ಕೊಬ್ಬುಗಳನ್ನು ಬಹುಮಟ್ಟಿಗೆ ಬಿಟ್ಟು ಪ್ರೋಟೀನಿನ ಪಾನೀಯ ಮತ್ತು ತರಕಾರಿಯ ಮೇಲೆ ಇರಬೇಕಾಗುತ್ತದೆ. ತೀವ್ರ ಬೊಜ್ಜಿನಲ್ಲಿ ಯಕೃತ್ತು ಕೊಬ್ಬು ತುಂಬಿ ಹಿಗ್ಗಿರುತ್ತದೆ. ಅದರ ಎಡಹಾಲೆ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುವುದರಿಂದ ಅದನ್ನು ಕುಗ್ಗಿಸದೆ ಕ್ಯಾಮೆರಾಗೆ ದಾರಿ ಸಿಗುವುದಿಲ್ಲ. ಅನೇಕರಿಗೆ ಇಡೀ ಪಯಣದಲ್ಲಿ ಅತ್ಯಂತ ಕಷ್ಟದ ಕಾಲ ಇದೇ ಎನಿಸುವುದುಂಟು, ಏಕೆಂದರೆ ಹಸಿವನ್ನು ತಗ್ಗಿಸುವ ಸಾಧನ ಇನ್ನೂ ಒಳಗೆ ಬಂದಿರುವುದಿಲ್ಲ.

ಅರಿವಳಿಕೆಯಿಂದ ಎಚ್ಚರಗೊಂಡವರನ್ನು ಅಚ್ಚರಿಗೊಳಿಸುವುದು ಗಾಯಗಳಿಗಿಂತ ಹೆಚ್ಚಾಗಿ ಹೆಗಲ ತುದಿಯ ನೋವು. ಒಳಭಾಗ ಕಾಣಲೆಂದು ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಅನಿಲದ ಶೇಷ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯನ್ನು ಕೆರಳಿಸುತ್ತದೆ. ವಪೆಯ ನರವೂ ಹೆಗಲಿನ ನರವೂ ಕತ್ತಿನ ಒಂದೇ ನೆಲೆಯಿಂದ ಹೊರಡುವುದರಿಂದ ಮಿದುಳು ಆ ನೋವನ್ನು ಹೆಗಲಿನದೆಂದೇ ತಿಳಿಯುತ್ತದೆ. ಈ ಸರಳ ವಿವರಣೆಯನ್ನು ಮೊದಲೇ ಹೇಳದಿದ್ದರೆ ರೋಗಿ ಹೃದಯಕ್ಕೇನೋ ಆಗಿದೆಯೆಂದು ಹೆದರುವುದು ಸಹಜ. ಅನಿಲ ಕರಗಲೆಂದೂ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟದಿರಲೆಂದೂ ಅದೇ ಸಂಜೆ ಎಬ್ಬಿಸಿ ನಡೆಸಲಾಗುತ್ತದೆ.

ಮೊದಲ ಎರಡು ವಾರ ದ್ರವಾಹಾರ, ಮುಂದಿನ ಎರಡು ವಾರ ನುಣ್ಣಗೆ ರುಬ್ಬಿದ ಆಹಾರ, ಆಮೇಲೆ ಮೆತ್ತಗಿನದು, ಕೊನೆಗೆ ಗಟ್ಟಿ ಆಹಾರ ಎಂಬುದು ಸಾಮಾನ್ಯ ಕ್ರಮ. ಪಟ್ಟಿಯನ್ನು ಜಾಗದಲ್ಲಿ ಹಿಡಿದಿಡಲು ಹಾಕಿದ ಹೊಲಿಗೆಗಳು ಬಲಗೊಳ್ಳುವವರೆಗೆ ವಾಂತಿಯಾಗದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ಒಂದೆರಡು ವಾರದಲ್ಲಿ ಹೆಚ್ಚಿನವರು ಕೆಲಸಕ್ಕೆ ಮರಳುತ್ತಾರೆ. ಗಾಯದ ಊತ ಇಳಿಯುತ್ತಿದ್ದಂತೆ, ಪಟ್ಟಿಯಲ್ಲಿ ಇನ್ನೂ ನೀರು ತುಂಬಿರದ ಕಾರಣ ಹಳೆಯ ಹಸಿವು ಪೂರ್ತಿಯಾಗಿ ಮರಳುತ್ತದೆ, ತೂಕ ಇಳಿಯುವುದು ನಿಲ್ಲುತ್ತದೆ. ಇಷ್ಟೆಲ್ಲ ಮಾಡಿಯೂ ಸೋತೆವೆಂಬ ಹತಾಶೆ ಪಟ್ಟಿ ಹಾಕಿಸಿಕೊಂಡವರನ್ನು ಅತಿಯಾಗಿ ಕಾಡುವುದು ಈ ವಾರಗಳಲ್ಲೇ. ಇದು ಸಾಧನದ ಸಹಜ ಹಂತವೆಂದು ಮುಂಚಿತವಾಗಿ ಹೇಳುವ ಒಂದು ವಾಕ್ಯ ಎಷ್ಟೋ ಜನರ ಕಣ್ಣೀರನ್ನು ತಡೆಯಬಲ್ಲದು.

5. ಉಣ್ಣುವುದನ್ನು ಮತ್ತೆ ಕಲಿಯುವುದು

ಸುಮಾರು ಆರನೆಯ ವಾರಕ್ಕೆ ಮೊದಲ ಬಾರಿ ಪಟ್ಟಿಯನ್ನು ತುಂಬಿಸಲಾಗುತ್ತದೆ. ರೋಗಿಯನ್ನು ಮಲಗಿಸಿ, ಹೊಟ್ಟೆಯ ಸ್ನಾಯು ಬಿಗಿಯಾಗಲೆಂದು ತಲೆಯನ್ನೋ ಕಾಲನ್ನೋ ತುಸು ಎತ್ತಲು ಹೇಳಿ, ಬೆರಳುಗಳಿಂದ ತಡವಿ ಪೋರ್ಟಿನ ಅಂಚನ್ನು ಗುರುತಿಸುತ್ತಾರೆ. ಪೋರ್ಟಿನ ಪೊರೆಯನ್ನು ಹರಿಯದಂತೆ ತುದಿಯನ್ನು ರೂಪಿಸಿದ ಹ್ಯೂಬರ್ ಸೂಜಿಯನ್ನು ನೇರವಾಗಿ ಇಳಿಸಿ, ಮಿಲಿಲೀಟರುಗಳ ಲೆಕ್ಕದಲ್ಲಿ ಸಲೈನನ್ನು ಸೇರಿಸುತ್ತಾರೆ. ಆಮೇಲೆ ರೋಗಿ ಎದ್ದು ಕುಳಿತು ಒಂದು ಲೋಟ ನೀರು ಕುಡಿಯಬೇಕು; ನೀರು ತಡೆಯಿಲ್ಲದೆ ಇಳಿದರೆ ಮನೆಗೆ ಹೋಗಬಹುದು, ಎದೆಯಲ್ಲಿ ನಿಂತರೆ ಒಂದಿಷ್ಟನ್ನು ಅಲ್ಲೇ ಹಿಂತೆಗೆಯುತ್ತಾರೆ. ಸೂಕ್ತ ಬಿಗಿ ಸಿಗುವವರೆಗೆ ಇದು ಕೆಲವು ವಾರಗಳಿಗೊಮ್ಮೆ ನಡೆಯುತ್ತದೆ.

ಸೂಕ್ತ ಬಿಗಿಯನ್ನು ವಿವರಿಸಲು ಆಸ್ಟ್ರೇಲಿಯಾದ ಚಿಕಿತ್ಸಾಲಯಗಳು ಮೂರು ಬಣ್ಣಗಳ ಪಟವನ್ನು ರೂಢಿಗೆ ತಂದವು. ಹಳದಿ ವಲಯದಲ್ಲಿ ಹಸಿವು ಬೇಗ ಬರುತ್ತದೆ, ಊಟ ಹೆಚ್ಚಾಗುತ್ತದೆ, ಅಂದರೆ ಇನ್ನಷ್ಟು ತುಂಬಿಸಬೇಕು. ಹಸಿರಿನಲ್ಲಿ ಸಣ್ಣ ಊಟ ಹಲವು ಗಂಟೆ ಹಿಡಿದಿಡುತ್ತದೆ. ಕೆಂಪಿನಲ್ಲಿ ನುಂಗುವುದು ಕಷ್ಟವಾಗುತ್ತದೆ, ಎದೆಯುರಿ, ರಾತ್ರಿ ಕೆಮ್ಮು, ಉಂಡದ್ದು ಬಾಯಿಗೆ ಬರುವುದು ಕಾಣಿಸಿಕೊಳ್ಳುತ್ತದೆ, ಅಂದರೆ ತಡಮಾಡದೆ ಸಡಿಲಿಸಬೇಕು. ಈ ವಲಯಗಳನ್ನು ಹೊರಗಿನಿಂದ ಅಳೆಯುವ ಯಂತ್ರವಿಲ್ಲ. ಹಸಿವು ಹೇಗಿದೆ, ತುತ್ತು ಹೇಗೆ ಇಳಿಯುತ್ತದೆ, ರಾತ್ರಿ ಮಲಗಿದಾಗ ಏನಾಗುತ್ತದೆ ಎಂದು ರೋಗಿ ಹೇಳುವ ಮಾತೇ ಇಲ್ಲಿ ಮುಖ್ಯ ಅಳತೆಗೋಲು. ಆ ಮಾತನ್ನು ಕೇಳಲು ವೈದ್ಯನಿಗೆ ಹೊತ್ತಿಲ್ಲದಿದ್ದರೆ ಪಟ್ಟಿ ಇದ್ದೂ ಇಲ್ಲದಂತಾಗುತ್ತದೆ.

ಪಟ್ಟಿಯವರು ತಮ್ಮೊಳಗೆ ಅತಿ ಹೆಚ್ಚು ಮಾತಾಡುವ ಅನುಭವವೆಂದರೆ ತುತ್ತು ಸಿಕ್ಕಿಕೊಳ್ಳುವುದು. ಅವಸರದಲ್ಲಿ ನುಂಗಿದ, ಸಾಕಷ್ಟು ಅಗಿಯದ ಒಂದು ತುತ್ತು ಪಟ್ಟಿಯ ಮೇಲೆ ನಿಂತುಬಿಡುತ್ತದೆ. ಎದೆಯ ಮೂಳೆಯ ಹಿಂದೆ ಒತ್ತಡ ಏರುತ್ತದೆ, ಬಾಯಲ್ಲಿ ದಪ್ಪನೆಯ ಲೋಳೆಯಂಥ ಜೊಲ್ಲು ಉಕ್ಕುತ್ತದೆ, ಮಾತು ನಿಲ್ಲುತ್ತದೆ, ಊಟದ ಮಧ್ಯೆ ಎದ್ದು ಹೋಗಿ ಆ ತುತ್ತು ಕೆಳಗಿಳಿಯುವವರೆಗೆ ಇಲ್ಲವೇ ಮೇಲೆ ಬರುವವರೆಗೆ ಕಾಯಬೇಕಾಗುತ್ತದೆ. ನೀರು ಕುಡಿದು ತಳ್ಳಲು ಹೋದರೆ ಕೆಳಗೆ ದಾರಿಯಿಲ್ಲದ ನೀರೂ ಅಲ್ಲೇ ನಿಂತು ಸಂಕಟ ಹೆಚ್ಚುತ್ತದೆ. ಇಂಥ ಒಂದೆರಡು ಪ್ರಸಂಗಗಳ ಬಳಿಕ ವ್ಯಕ್ತಿ ಸಣ್ಣ ತುತ್ತು, ಇಪ್ಪತ್ತು ಬಾರಿ ಅಗಿತ, ತುತ್ತಿನಿಂದ ತುತ್ತಿಗೆ ಒಂದು ನಿಮಿಷದ ಬಿಡುವು, ಊಟದ ನಡುವೆ ನೀರಿಲ್ಲ ಎಂಬ ಕ್ರಮವನ್ನು ಮೈಗೂಡಿಸಿಕೊಳ್ಳುತ್ತಾರೆ. ಬೆಳಗಿನ ಹೊತ್ತು ಮತ್ತು ಮನಸ್ಸು ಉದ್ವಿಗ್ನವಾಗಿರುವಾಗ ಪಟ್ಟಿ ಹೆಚ್ಚು ಬಿಗಿಯಾದಂತೆ ಅನಿಸುತ್ತದೆ ಎಂಬುದು ಇವರಲ್ಲಿ ಅನೇಕರ ಸ್ವಾನುಭವ.

ಸುಲಭವಾಗಿ ಸಿಕ್ಕಿಕೊಳ್ಳುವ ಪದಾರ್ಥಗಳ ಸಾಲಿನಲ್ಲಿ ಮೃದುವಾದ ಬ್ರೆಡ್, ಒಣಗಿದ ಕೋಳಿಮಾಂಸ ಮತ್ತು ಅನ್ನ ಮುಂಚೂಣಿಯಲ್ಲಿವೆ. ಅನ್ನವೇ ಊಟದ ಹೆಸರಾಗಿರುವ ನಾಡಿನವರಿಗೆ ಇದರ ಅರ್ಥ ಬೇಗ ಆಗುತ್ತದೆ. ಪಟ್ಟಿಯ ಬಳಕೆ ಹೆಚ್ಚಾಗಿದ್ದ ಆಸ್ಟ್ರೇಲಿಯಾ, ಬ್ರಿಟನ್ನುಗಳಲ್ಲಿ ನೆಲೆಸಿದ ಕನ್ನಡಿಗನೊಬ್ಬ ಪಟ್ಟಿ ಹಾಕಿಸಿಕೊಂಡರೆ ಆಸ್ಪತ್ರೆ ಕೊಡುವ ಆಹಾರಪಟ್ಟಿಯಲ್ಲಿ ಮುದ್ದೆ, ದೋಸೆ, ಬಿಸಿಬೇಳೆಬಾತುಗಳ ಸುದ್ದಿಯೇ ಇರುವುದಿಲ್ಲ. ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದೇ ಮುದ್ದೆಯ ರೀತಿಯಾದರೆ, ಪ್ರತಿ ತುತ್ತನ್ನೂ ಅಗಿದು ನುಣ್ಣಗೆ ಮಾಡಬೇಕೆಂಬುದು ಪಟ್ಟಿಯ ಮೊದಲ ನಿಯಮ. ಸಸ್ಯಾಹಾರಿಗೆ ಇನ್ನೊಂದು ಚಿಂತೆ: ಅರ್ಧ ಬಟ್ಟಲಿನಷ್ಟು ಊಟದಲ್ಲೇ ದಿನದ ಪ್ರೋಟೀನು ಹೊಂದಿಸಬೇಕಾದ್ದರಿಂದ ತೊವ್ವೆ, ಮೊಸರು, ಪನೀರು, ಕಾಳುಗಳಿಗೆ ಮೊದಲ ಜಾಗ ಕೊಟ್ಟು ಅನ್ನವನ್ನು ಬದಿಗೆ ಸರಿಸಬೇಕು. ಊಟದ ಪದ್ಧತಿ ಬಲ್ಲ ಆಹಾರತಜ್ಞರು ರೋಗಿಯ ಭಾಷೆಯಲ್ಲೇ ಕುಳಿತು ಇದನ್ನು ಹೇಳಿಕೊಡುವುದು ಚಿಕಿತ್ಸೆಯ ಅಗತ್ಯ ಭಾಗ.

ಪಟ್ಟಿ ಅತಿ ಬಿಗಿಯಾದಾಗ ಹುಟ್ಟುವ ಮತ್ತೊಂದು ಸಂಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ತರಕಾರಿ, ಕಾಳು, ಮಾಂಸ ಇಳಿಯದಿದ್ದಾಗ ವ್ಯಕ್ತಿ ಸಲೀಸಾಗಿ ಜಾರುವ ಪಾಯಸ, ಐಸ್‌ಕ್ರೀಮ್, ಹಣ್ಣಿನ ರಸ, ಬಾಯಲ್ಲಿ ಕರಗುವ ಚಾಕೊಲೇಟುಗಳ ಕಡೆಗೆ ತಿಳಿಯದೆಯೇ ಹೊರಳುತ್ತಾರೆ. ಇವು ಪಟ್ಟಿಯನ್ನು ತಡೆಯಿಲ್ಲದೆ ದಾಟುತ್ತವೆ, ನರವನ್ನು ಒತ್ತುವುದಿಲ್ಲ, ತೃಪ್ತಿ ಕೊಡುವುದಿಲ್ಲ, ಕ್ಯಾಲರಿಯನ್ನು ಮಾತ್ರ ತುಂಬುತ್ತವೆ. ದಿನವೂ ವಾಂತಿ ಮಾಡಿಕೊಳ್ಳುತ್ತಲೇ ತೂಕ ಏರುವ ಈ ಸ್ಥಿತಿಯನ್ನು ಹೊರಗಿನವರು ಆಸೆಬುರುಕುತನವೆಂದು ಹಳಿಯುತ್ತಾರೆ. ಪಟ್ಟಿಯಿಂದ ಒಂದಿಷ್ಟು ನೀರು ತೆಗೆಯುವುದು ಅದರ ಚಿಕಿತ್ಸೆ. ವಾಂತಿ ವಾರಗಟ್ಟಲೆ ಮುಂದುವರಿದರೆ ಬಿ1 ಜೀವಸತ್ವ ಬರಿದಾಗಿ ಗೊಂದಲ, ಕಣ್ಣಿನ ಚಲನೆಯ ದೋಷ, ನಡಿಗೆಯ ತೊಡರು ಉಂಟಾಗಬಹುದಾದ್ದರಿಂದ ಇದನ್ನು ಸಣ್ಣ ತೊಂದರೆಯೆಂದು ಬಿಡುವಂತಿಲ್ಲ.

6. ಮನಸ್ಸು ಮತ್ತು ಮನೆ

ತೂಕ ಇಳಿದ ಸಂತೋಷವನ್ನು ಪಟ್ಟಿಯವರು ತಕ್ಕಡಿಯ ಅಂಕಿಗಿಂತ ದಿನನಿತ್ಯದ ಸಂಗತಿಗಳಲ್ಲಿ ಕಾಣುತ್ತಾರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಉಸಿರುಗಟ್ಟದೆ ಮಹಡಿ ಹತ್ತುವುದು, ವಿಮಾನದ ಸೀಟುಪಟ್ಟಿ ಹೆಚ್ಚುವರಿ ತುಂಡಿಲ್ಲದೆ ಮುಚ್ಚಿಕೊಳ್ಳುವುದು, ಬಗ್ಗಿ ಕಾಲಿನ ಉಗುರು ಕತ್ತರಿಸಿಕೊಳ್ಳುವುದು ಇವು ತೆಳ್ಳಗಿರುವವರು ಎಂದೂ ಎಣಿಸದ ಭಾಗ್ಯಗಳು. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ತಗ್ಗುತ್ತದೆ, ಬಿಪಿ ಮತ್ತು ಸಕ್ಕರೆಯ ಮಾತ್ರೆಗಳು ಕಡಿಮೆಯಾಗುತ್ತವೆ. ಮೆಲ್ಬರ್ನ್‌ನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದಿದ್ದ 60 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷಗಳ ನಂತರ ಪಟ್ಟಿ ಹಾಕಿಸಿಕೊಂಡವರ ಪೈಕಿ ಶೇ. 73 ಮಂದಿಯಲ್ಲಿ ಕಾಯಿಲೆ ಶಮನವಾಗಿತ್ತು. ಸಾಂಪ್ರದಾಯಿಕ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 13 ಮಾತ್ರ.

ಇದರ ಜೊತೆಗೇ ನಷ್ಟಗಳೂ ಇವೆ. ಚರ್ಮ ಜೋತುಬೀಳುತ್ತದೆ, ಕೆಲವು ತಿಂಗಳ ಮಟ್ಟಿಗೆ ಕೂದಲು ಉದುರುತ್ತದೆ. ದುಃಖ, ಬೇಸರ, ಒಂಟಿತನಗಳನ್ನು ತಿಂಡಿಯಿಂದ ಸಂತೈಸಿಕೊಳ್ಳುತ್ತಿದ್ದವರಿಗೆ ಆ ದಾರಿ ಮುಚ್ಚಿಹೋಗುತ್ತದೆ, ದುಃಖ ಹಾಗೆಯೇ ಉಳಿಯುತ್ತದೆ. ಪಟ್ಟಿಯನ್ನು ಜಠರಕ್ಕೆ ಹಾಕಬಹುದು, ಮನಸ್ಸಿನ ಹಸಿವಿಗೆ ಹಾಕಲಾಗದು ಎಂಬ ಅರಿವು ಅನೇಕರಿಗೆ ತಡವಾಗಿ ಬರುತ್ತದೆ. ಶಸ್ತ್ರಕ್ರಿಯೆಗೆ ಮುಂಚೆ ಒಮ್ಮೆ ಮಾತ್ರ ಮನಶ್ಶಾಸ್ತ್ರಜ್ಞರನ್ನು ಕಾಣಿಸಿ ಕೈಬಿಡುವ ಪದ್ಧತಿ ಆದ್ದರಿಂದ ಸಾಲದು.

ಪಟ್ಟಿಯ ವಿಷಯವನ್ನು ಮುಚ್ಚಿಡುವವರ ಸಂಖ್ಯೆಯೂ ಸಣ್ಣದಲ್ಲ. ಬ್ರಿಟನ್ನಿನ ದೂರದರ್ಶನ ನಿರೂಪಕಿ ಫರ್ನ್ ಬ್ರಿಟನ್ ಜಠರಪಟ್ಟಿಯಿಂದ ತೂಕ ಇಳಿಸಿಕೊಂಡಿದ್ದು 2008ರಲ್ಲಿ ಬಹಿರಂಗವಾದಾಗ, ಅದನ್ನು ಮೊದಲೇ ಹೇಳಲಿಲ್ಲವೆಂದು ಪತ್ರಿಕೆಗಳು ಆಕೆಯನ್ನು ಟೀಕೆಗೆ ಗುರಿಮಾಡಿದವು. ನ್ಯೂಜೆರ್ಸಿಯ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ 2013ರ ಫೆಬ್ರವರಿಯಲ್ಲಿ ಪಟ್ಟಿ ಹಾಕಿಸಿಕೊಂಡು ಮೇ ತಿಂಗಳಲ್ಲಿ ಅದನ್ನು ತಿಳಿಸಿದಾಗ ಚರ್ಚೆ ಅವರ ರಾಜಕೀಯ ಆಕಾಂಕ್ಷೆಯ ಸುತ್ತ ತಿರುಗಿತು. ದಪ್ಪಗಿದ್ದಾಗ ಶಿಸ್ತಿಲ್ಲವೆಂದು ನಿಂದಿಸಿದ ಸಮಾಜವೇ ತೆಳ್ಳಗಾದಾಗ ಅಡ್ಡದಾರಿ ಹಿಡಿದರೆಂದು ನಿಂದಿಸುವುದು ಘೋರ ಅನ್ಯಾಯ. ದಿನಕ್ಕೆ ಮೂರು ಹೊತ್ತು, ವರ್ಷಗಟ್ಟಲೆ, ಪ್ರತಿ ತುತ್ತಿನ ಮೇಲೂ ನಿಗಾ ಇಟ್ಟು ಬದುಕುವುದನ್ನು ಸುಲಭದ ದಾರಿಯೆನ್ನುವವರು ಅದನ್ನು ಕಂಡವರಲ್ಲ.

ಕನ್ನಡದ ಮನೆಗಳಲ್ಲಿ ಪ್ರೀತಿ ಬಡಿಸುವುದರಲ್ಲಿದೆ. ಮದುವೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೂ ಒಂದು ಸೌಟು ಹಾಕದೆ ಮುಂದೆ ಹೋಗುವುದಿಲ್ಲ. ಯಾವ ಬಗೆಯ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಈ ಒತ್ತಾಯ ಹಿಂಸೆಯಾಗುತ್ತದೆ. ಚೇತರಿಕೆಯಲ್ಲಿ ಮನೆಯವರ ಪಾತ್ರವೆಂದರೆ ಕಡಿಮೆ ಬಡಿಸಿದರೂ ಪ್ರೀತಿ ಕಡಿಮೆಯಾಗದೆಂದು ನಂಬುವುದು, ನಿಧಾನವಾಗಿ ಉಣ್ಣುವವರ ಜೊತೆ ಕೊನೆಯವರೆಗೆ ಕೂರುವುದು, ಯಾರ ತಟ್ಟೆಯನ್ನೂ ಚರ್ಚೆಯ ವಿಷಯ ಮಾಡದಿರುವುದು.

7. ಎರಡು ನಗರಗಳ ಸಾಕ್ಷ್ಯ

ಪಟ್ಟಿ ಹಿಂದೆ ಸರಿದದ್ದೇಕೆ ಎಂಬ ಪ್ರಶ್ನೆಗೆ ಈಗ ಬರಬಹುದು. ಪಟ್ಟಿಯ ಕೆಳಗಿನ ಜಠರ ಮೇಲಕ್ಕೆ ಜಾರುವುದು, ಮೇಲಿನ ಕಿರುಜಠರ ಅಥವಾ ಅನ್ನನಾಳ ಹಿಗ್ಗುವುದು, ಪಟ್ಟಿ ನಿಧಾನವಾಗಿ ಜಠರದ ಗೋಡೆಯನ್ನು ಕೊರೆದು ಒಳಸೇರುವುದು, ಪೋರ್ಟ್ ಮಗುಚುವುದು, ಕೊಳವೆ ಸೋರುವುದು ಇವು ವರ್ಷಗಳ ಮೇಲೆ ಕಾಣಿಸಿಕೊಳ್ಳುವ ತೊಡಕುಗಳು. ಇವುಗಳ ಪ್ರಮಾಣದ ಬಗ್ಗೆ ಬಂದಿರುವ ವರದಿಗಳಲ್ಲಿ ದೊಡ್ಡ ಅಂತರವಿದೆ. ಬ್ರಸೆಲ್ಸ್‌ನ ಜಾಕ್ ಹಿಂಪೆನ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹನ್ನೆರಡು ವರ್ಷ ಮೀರಿದ ಬಳಿಕ ಸಂಪರ್ಕಕ್ಕೆ ಸಿಕ್ಕವರ ಪೈಕಿ ಅರ್ಧದಷ್ಟು ಜನರಲ್ಲಿ ಪಟ್ಟಿಯನ್ನು ತೆಗೆಯಬೇಕಾಗಿ ಬಂದಿತ್ತು. ಮೆಲ್ಬರ್ನ್‌ನ ಓಬ್ರಿಯನ್ ತಂಡ 2013ರಲ್ಲಿ ಪ್ರಕಟಿಸಿದ, 3,227 ರೋಗಿಗಳ ವರದಿಯಲ್ಲಿ ಪಟ್ಟಿ ತೆಗೆದದ್ದು ಶೇ. 5.6 ಮಂದಿಗೆ, ಹತ್ತು ವರ್ಷ ಮೀರಿದವರು ಹೆಚ್ಚುವರಿ ತೂಕದ ಸುಮಾರು ಶೇ. 47ರಷ್ಟನ್ನು ಕಳೆದುಕೊಂಡ ಸ್ಥಿತಿಯಲ್ಲೇ ಉಳಿದಿದ್ದರು. ಶಸ್ತ್ರಕ್ರಿಯೆಗೆ ಸಂಬಂಧಿಸಿದ ಒಂದೂ ಸಾವು ಸಂಭವಿಸಿರಲಿಲ್ಲ. ಹೆಚ್ಚುವರಿ ತೂಕವೆಂದರೆ ಸೂಚ್ಯಂಕ 25ಕ್ಕಿಂತ ಮೇಲಿನ ತೂಕ. 160 ಸೆಂ.ಮೀ. ಎತ್ತರದ, 104 ಕೆ.ಜಿ. ತೂಗುವ ವ್ಯಕ್ತಿಯಲ್ಲಿ ಇದು 40 ಕೆ.ಜಿ.; ಅದರಲ್ಲಿ ಅರ್ಧ ಇಳಿದರೆ ಉಳಿಯುವುದು 84 ಕೆ.ಜಿ. ಆ ವ್ಯಕ್ತಿ ಲೋಕದ ಕಣ್ಣಿಗೆ ಇನ್ನೂ ದಪ್ಪಗೇ ಕಾಣಬಹುದು, ಆದರೆ ಸಕ್ಕರೆ, ಬಿಪಿ, ಮಂಡಿನೋವುಗಳ ಲೆಕ್ಕದಲ್ಲಿ ಅವರ ಬದುಕು ಬದಲಾಗಿರುತ್ತದೆ.

ಎರಡು ನಗರಗಳ ಈ ಅಂತರಕ್ಕೆ ಕಾರಣಗಳು ಹಲವು. ಬ್ರಸೆಲ್ಸ್‌ನ ರೋಗಿಗಳು ಆರಂಭದ ಕಾಲದವರು, ಅಂದಿನ ಪಟ್ಟಿಗಳ ರಚನೆಯೂ ಅಳವಡಿಸುವ ಕ್ರಮವೂ ಮುಂದೆ ಸುಧಾರಿಸಿದವು. ಮೆಲ್ಬರ್ನ್‌ನ ರೋಗಿಗಳಲ್ಲಿ ಹಲವರು ಹತ್ತು ವರ್ಷದ ಗಡಿಯನ್ನು ಇನ್ನೂ ತಲುಪಿರಲಿಲ್ಲ, ಅವರಲ್ಲೂ ಜಾರಿದ ಪಟ್ಟಿಯನ್ನು ಸರಿಪಡಿಸುವ ಮರುಶಸ್ತ್ರಕ್ರಿಯೆಗಳು ಸಾಕಷ್ಟು ನಡೆದಿದ್ದವು. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮೆಲ್ಬರ್ನ್‌ನ ಕೇಂದ್ರವು ಶಸ್ತ್ರಕ್ರಿಯೆಯನ್ನು ಮೊದಲ ಹೆಜ್ಜೆಯೆಂದು ತಿಳಿದು, ವರ್ಷಗಟ್ಟಲೆ ರೋಗಿಗಳನ್ನು ಕರೆಸಿ, ಕೇಳಿ, ಬಿಗಿಯನ್ನು ತಿದ್ದುವ ವ್ಯವಸ್ಥೆಯನ್ನೇ ಚಿಕಿತ್ಸೆಯ ನಡುಗಂಬವಾಗಿ ಕಟ್ಟಿತ್ತು. ಅನೇಕ ಕಡೆಗಳಲ್ಲಿ ಪಟ್ಟಿ ಸುಲಭವಾಗಿ ಹಾಕಬಹುದಾದ ಸರಕಾಗಿ ಮಾರಾಟವಾಯಿತು, ಹಾಕಿದ ಮೇಲೆ ತುಂಬಿಸುವವರೇ ಹತ್ತಿರದಲ್ಲಿ ಇರಲಿಲ್ಲ. ಅಮೆರಿಕದ ಮೆಡಿಕೇರ್ ವಿಮೆಯ ಸುಮಾರು 25,000 ಪಟ್ಟಿ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಅವರಲ್ಲಿ ಶೇ. 18.5 ಮಂದಿಗೆ ಮರುಶಸ್ತ್ರಕ್ರಿಯೆ ಬೇಕಾಗಿತ್ತೆಂದು ತೋರಿಸಿತು.

ಪಟ್ಟಿ ತೆಗೆಸಬೇಕಾದವರು ಅದನ್ನು ತಮ್ಮ ಸೋಲೆಂದು ಭಾವಿಸಿ ಮೌನವಾಗುತ್ತಾರೆ. ಪಟ್ಟಿ ಹೋದೊಡನೆ ಹಸಿವು ಮರಳುತ್ತದೆ, ತೂಕವೂ ಮರಳುತ್ತದೆ. ಅನೇಕರು ಸ್ಲೀವ್ ಗ್ಯಾಸ್ಟ್ರೆಕ್ಟಮಿಗೆ, ಅಂದರೆ ಜಠರದ ಬಹುಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು ಕೊಳವೆಯಂತೆ ಉಳಿಸುವ ಶಸ್ತ್ರಕ್ರಿಯೆಗೆ, ಇಲ್ಲವೇ ಬೈಪಾಸಿಗೆ ಒಳಗಾಗುತ್ತಾರೆ. ಸಾಧನ ಕೆಟ್ಟಿತು ಎನ್ನುವುದಕ್ಕೂ ವ್ಯಕ್ತಿ ಕೆಟ್ಟರು ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಅವರಿಗೆ ಸ್ಪಷ್ಟವಾಗಿ ಹೇಳುವುದು ವೈದ್ಯರ ಕರ್ತವ್ಯ.

8. ಕನ್ನಡ ನಾಡಿಗೆ ಇದರ ಪಾಠ

ಭಾರತದಲ್ಲಿ ಇಂದು ಹೆಚ್ಚು ನಡೆಯುವುದು ಸ್ಲೀವ್ ಮತ್ತು ಬೈಪಾಸ್ ಶಸ್ತ್ರಕ್ರಿಯೆಗಳು. ಪಟ್ಟಿ ಇಲ್ಲಿ ವಿರಳ. ಆದರೂ ಪಟ್ಟಿಯ ಪಾಠ ಇಲ್ಲಿಗೆ ನೇರವಾಗಿ ಸಲ್ಲುತ್ತದೆ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಸುಮಾರು ಶೇ. 30 ಮಂದಿಯ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ನಿಯಮಗಳಲ್ಲಿ, ಸೂಚ್ಯಂಕ 40 ಇರುವವರ ಅಥವಾ 35 ಇದ್ದು ಗಂಭೀರ ಕಾಯಿಲೆಗಳಿರುವವರ ಶಸ್ತ್ರಚಿಕಿತ್ಸೆಯನ್ನು ಬೊಜ್ಜಿನ ಕಾರಣಕ್ಕೆ ವಿಮೆಯಿಂದ ಹೊರಗಿಡುವಂತಿಲ್ಲವೆಂಬ ಅರ್ಥದ ವ್ಯವಸ್ಥೆ ಮಾಡಿತು. 2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಸುವ ಪ್ರಮಾಣದ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಅವೂ ಹಸಿವಿನ ಸಂದೇಶಗಳ ಮೇಲೆ ಕೆಲಸ ಮಾಡುತ್ತವೆ; ನಿಲ್ಲಿಸಿದರೆ ಹಸಿವೂ ತೂಕವೂ ಮರಳುವುದು ಅವುಗಳಲ್ಲೂ ಕಂಡುಬಂದಿದೆ. ಸಾಧನ ಯಾವುದೇ ಇರಲಿ, ಬೊಜ್ಜು ದೀರ್ಘಕಾಲದ ಕಾಯಿಲೆ, ಅದರ ಆರೈಕೆಯೂ ದೀರ್ಘಕಾಲದ್ದೇ.

ಆದ್ದರಿಂದ ಶಸ್ತ್ರಚಿಕಿತ್ಸೆಯ ಆಲೋಚನೆಯಲ್ಲಿರುವವರು ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆಗಳು ಬೆಲೆ ಮತ್ತು ದಿನಗಳಿಗೆ ಸೀಮಿತವಾಗಬಾರದು. ಐದು ವರ್ಷದ ನಂತರ ಯಾರು ನೋಡುತ್ತಾರೆ, ರಾತ್ರಿ ವಾಂತಿ ನಿಲ್ಲದಿದ್ದರೆ ಯಾರಿಗೆ ಕರೆ ಮಾಡಬೇಕು, ಆಹಾರತಜ್ಞರು ಮತ್ತು ಮನಶ್ಶಾಸ್ತ್ರಜ್ಞರು ಎಷ್ಟು ಕಾಲ ಜೊತೆಗಿರುತ್ತಾರೆ, ಜೀವಸತ್ವಗಳ ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳಬೇಕು. ಬ್ರಿಟನ್ನಿನ ಮಾರ್ಗಸೂಚಿಗಳು ಶಸ್ತ್ರಕ್ರಿಯೆ ಮಾಡಿದ ಕೇಂದ್ರವೇ ಕನಿಷ್ಠ ಎರಡು ವರ್ಷ ರೋಗಿಯನ್ನು ನೋಡಿಕೊಳ್ಳಬೇಕೆಂದೂ ಆಮೇಲೆ ಜೀವನಪರ್ಯಂತ ವರ್ಷಕ್ಕೊಮ್ಮೆಯಾದರೂ ತಪಾಸಣೆ ನಡೆಯಬೇಕೆಂದೂ ಹೇಳುತ್ತವೆ. ಕರ್ನಾಟಕದ ಆಸ್ಪತ್ರೆಗಳಿಗೆ ಇದಕ್ಕಿಂತ ಕಡಿಮೆಯ ಗುರಿ ಸಲ್ಲದು. ದೂರದ ಜಿಲ್ಲೆಯಿಂದ ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳುವವರ ಆರೈಕೆ ಜಿಲ್ಲಾಸ್ಪತ್ರೆಯಲ್ಲೂ ಸಿಗುವಂತಾಗಬೇಕು, ಆಹಾರದ ಸಲಹೆ ಅವರ ಅಡುಗೆಮನೆಯ ಪದಾರ್ಥಗಳಲ್ಲಿ, ಅವರ ಕನ್ನಡದಲ್ಲಿ ಇರಬೇಕು.

ಜಠರಪಟ್ಟಿಯ ಮೂರು ದಶಕಗಳಿಂದ ವೈದ್ಯಲೋಕ ಪಡೆದ ಅತಿ ದೊಡ್ಡ ತಿಳಿವಳಿಕೆಯನ್ನು ಕೊಟ್ಟವರು ರೋಗಿಗಳೇ. ಬಿಗಿ ಎಷ್ಟಿರಬೇಕು, ಯಾವ ತುತ್ತು ನಿಲ್ಲುತ್ತದೆ, ಹಸಿವಿನಲ್ಲಿ ಎಷ್ಟು ಪಾಲು ಒಡಲಿನದು, ಎಷ್ಟು ಪಾಲು ಮನಸ್ಸಿನದು ಎಂಬುದನ್ನು ಅವರು ತಮ್ಮ ದೇಹದಲ್ಲಿ ಪರೀಕ್ಷಿಸಿ ಹೇಳಿದರು. ಕೇಳಿಸಿಕೊಂಡ ಕಡೆ ಚಿಕಿತ್ಸೆ ಫಲಿಸಿತು, ಕೇಳಿಸಿಕೊಳ್ಳದ ಕಡೆ ಅದೇ ಸಾಧನ ಅವರಿಗೆ ಹೊರೆಯಾಯಿತು. ಪಟ್ಟಿಯ ಬಳಕೆ ಮುಂದೆ ಪೂರ್ತಿ ನಿಂತುಹೋಗಬಹುದು, ಆದರೆ ಈಗಾಗಲೇ ಅದನ್ನು ಹೊತ್ತು ಬದುಕುತ್ತಿರುವ ಅಪಾರ ಜನರ ಆರೈಕೆ ನಿಲ್ಲುವಂತಿಲ್ಲ, ಅವರು ಕಲಿಸಿದ್ದನ್ನು ಮುಂದಿನ ಚಿಕಿತ್ಸೆಗಳು ಮರೆಯುವಂತಿಲ್ಲ. ಭಾರವಾದ ದೇಹ ಹೊತ್ತವರನ್ನು ತಪ್ಪಿತಸ್ಥರೆಂದು ನೋಡುವುದನ್ನು ಬಿಟ್ಟು, ಅವರನ್ನು ತಮ್ಮ ಕಾಯಿಲೆಯ ಬಗ್ಗೆ ಹೆಚ್ಚು ಬಲ್ಲ ಸಾಕ್ಷಿಗಳೆಂದು ಗೌರವಿಸಿದಾಗ ಮಾತ್ರ ಈ ಕ್ಷೇತ್ರದ ವೈದ್ಯ ಮುಂದುವರಿಯುತ್ತದೆ.